ಕೊಡಗಿನ ಒಗಟುಗಳೂ ಪ್ರಹೇಳಿಕಾ ಸಂಪ್ರದಾಯವೂ

ಒಗಟೆಂಬುದು ಮಕ್ಕಳ ಆಟವೆಂದು ವಿದ್ವಾಂಸರು ಅದನ್ನು ಉಪೇಕ್ಷಿಸುವುದು ರೂಢಿಯಾಗಿದೆ. ಈ ಉಪೇಕ್ಷೆಗೆ ಶಾಸ್ತ್ರಾಧಾರವೂ ಇಲ್ಲದಿಲ್ಲ. ರಸಕ್ಕೆ ಪ್ರತಿಬಂಧಕವಾದುದರಿಂದ ಪ್ರಹೇಳಿಕೆಯು ಅಲಂಕಾರವೇ ಅಲ್ಲವೆಂದು 14ನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ನಿರಾಕರಿಸಿದ್ದಾನೆ. ಆದರೆ ಅವನಿಗಿಂತ ಆರು ಶತಮಾನಗಳಿಗೂ ಹಿಂದಿನವನಾದ ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಳಿಕೆಯ 16 ಭೇದಗಳನ್ನು ಲಕ್ಷಣೋದಾಹರಣಸಹಿತವಾಗಿ ವಿವರಿಸಿ, ಗೋಷ್ಠಿಯ ವಿನೋದ, ಜನರ ನಡುವೆ ಗೂಢಸಂಭಾಷಣೆ, ಪರರನ್ನು ಬೆರಗುಗೊಳಿಸುವುದು ಎಂಬ ಮೂರು ಪ್ರಯೋಜನಗಳನ್ನು ಹೇಳಿದ್ದಾನೆ. ಈ ಇಬ್ಬರಲ್ಲಿ ಯಾರ ಮತವು ಗ್ರಾಹ್ಯವೆಂಬುದನ್ನು ಗ್ರಂಥಸ್ಥವಾದ ಪ್ರಹೇಳಿಕೆಗಳಿಂದ ಮಾತ್ರ ನಿರ್ಣಯಿಸಲಾಗದು. ಕೊಡಗಿನಂತಹ ಮಲೆಸೀಮೆಯ ಮನೆಗಳಲ್ಲಿ ಮುದುಕರಿಂದ ಮಕ್ಕಳಿಗೆ ಬಾಯಿಂದ ಬಾಯಿಗೆ ಬಂದ ಒಗಟುಗಳನ್ನೂ ಇದಕ್ಕೆ ಸಾಕ್ಷಿಯಾಗಿ ಕರೆಯಬೇಕಾಗಿದೆ.

ಒಗಟಿನ ಪ್ರಾಚೀನತೆಯು ನಿರ್ವಿವಾದವಾದುದು. ಋಗ್ವೇದದ ಮೊದಲನೆಯ ಮಂಡಲದಲ್ಲಿರುವ ದೀರ್ಘತಮಸ್ಸಿನ 164ನೆಯ ಸೂಕ್ತದಲ್ಲಿ 12 ಅರಗಳುಳ್ಳ ಚಕ್ರವೊಂದೂ ಅದರ ಮೇಲೆ ಜೋಡಿಯಾಗಿ ನಿಂತ 720 ಪುತ್ರರೂ ವರ್ಣಿತರಾಗಿದ್ದಾರೆ. ಚಕ್ರವು ಸಂವತ್ಸರ, ಅರಗಳು ಮಾಸಗಳು, ಪುತ್ರರು ಅಹೋರಾತ್ರಗಳು. ವರ್ಷವನ್ನು 12 ಕೊಂಬೆಗಳ ಮರವನ್ನಾಗಿ ಮಾಡಿ ಕೇಳುವ ಒಗಟು ಇಂದಿಗೂ ಹಲವು ದೇಶಗಳ ಮಕ್ಕಳ ಬಾಯಲ್ಲಿದೆ. ಋಷಿಯ ಮಂತ್ರಕ್ಕೂ ಮಗುವಿನ ಮಾತಿಗೂ ಇಲ್ಲಿ ಬುದ್ಧಿಯ ನಡೆ ಒಂದೇ. ಮಹಾಭಾರತದ ಅರಣ್ಯಪರ್ವದಲ್ಲಿ ಯಕ್ಷನ ಪ್ರಶ್ನೆಗಳಿಗೆ ಧರ್ಮಜನು ಕೊಟ್ಟ ಉತ್ತರಗಳ ಮೇಲೆ ನಾಲ್ವರು ತಮ್ಮಂದಿರ ಪ್ರಾಣವೇ ನಿಂತಿತ್ತು. ವಾತ್ಸ್ಯಾಯನನು 64 ಕಲೆಗಳಲ್ಲಿ ಪ್ರಹೇಳಿಕೆಗೂ ಸ್ಥಾನವನ್ನಿತ್ತನು. ಯವನ ದೇಶದ ಅರಿಸ್ಟಾಟಲನು, ಇರುವ ಸಂಗತಿಯನ್ನೇ ಅಸಂಭವವೆನ್ನಿಸುವ ಮಾತುಗಳ ಜೋಡಣೆಯಿಂದ ಹೇಳುವುದು ಒಗಟಿನ ಸ್ವರೂಪವೆಂದು ತನ್ನ ಕಾವ್ಯಮೀಮಾಂಸೆಯಲ್ಲಿ ನಿರೂಪಿಸಿದನು. ಕನ್ನಡದಲ್ಲಿ ಅಲ್ಲಮಪ್ರಭುವಿನ ಬೆಡಗಿನ ವಚನಗಳೂ ಕನಕದಾಸರ ಮುಂಡಿಗೆಗಳೂ ಇದೇ ಬೇರಿನಿಂದ ಚಿಗುರಿದವು.

ಇನ್ನು ದಂಡಿಯ ಭೇದಗಳನ್ನು ಪರಿಶೀಲಿಸಿದರೆ ಒಂದು ವಿಶೇಷವು ಗೋಚರಿಸುತ್ತದೆ. ಸಮಾಗತಾ ಎಂಬುದರಲ್ಲಿ ಸಂಧಿಯಿಂದ ಅರ್ಥವು ಮರೆಯಾಗುವುದು; ಸಂಖ್ಯಾತಾ ಎಂಬುದರಲ್ಲಿ ಎಣಿಕೆಯೇ ಭ್ರಮೆಗೆ ಕಾರಣ. ಇಂತಹವು ವರ್ಣ, ಪದ, ವ್ಯಾಕರಣಗಳನ್ನು ಬಲ್ಲವರ ಆಟ. ಆದರೆ ಗೌಣಾರ್ಥವನ್ನು ಆರೋಪಿಸಿದ ಪದಗಳಿಂದ ಕಟ್ಟಿದ ಸಮಾನರೂಪಾ, ಸಮಾನಧರ್ಮವನ್ನು ಹೇಳಿ ವಸ್ತುವನ್ನು ಮುಚ್ಚಿಡುವ ನಿಭೃತಾ ಎಂಬೆರಡು ಭೇದಗಳಿಗೆ ಅಕ್ಷರಜ್ಞಾನವು ಬೇಕಿಲ್ಲ, ಕಣ್ಣಿದ್ದರೆ ಸಾಕು. ಜನಪದದ ಒಗಟುಗಳಲ್ಲಿ ಹೆಚ್ಚಿನವು ಈ ಎರಡರೊಳಗೇ ಅಡಕವಾಗುತ್ತವೆ. ಮೊಟ್ಟೆಯನ್ನು ಬಾಗಿಲಿಲ್ಲದ ಮನೆಯೆಂದಾಗ ಅದು ಸಮಾನರೂಪಾ. ಮೈಯೆಲ್ಲ ಮುಳ್ಳು, ಹೊಟ್ಟೆಯೊಳಗೆ ಸಿಹಿ ಎಂದು ಹಲಸನ್ನು ಸೂಚಿಸಿದಾಗ ಅದು ನಿಭೃತಾ. ಶಾಸ್ತ್ರವು ಹೆಸರಿಟ್ಟುದನ್ನು ಅಜ್ಜಿಯು ಹೆಸರಿಲ್ಲದೆಯೇ ನಡೆಸಿಕೊಂಡು ಬಂದಳು.

ಈ ಎರಡು ಸಂಪ್ರದಾಯಗಳ ಅಂತರವನ್ನು ತೆಂಗಿನಕಾಯೊಂದರಿಂದಲೇ ಅಳೆಯಬಹುದು. ಪಾಠಶಾಲೆಗಳಲ್ಲಿ ಬಾಯಿಪಾಠವಾಗಿರುವ ಸಂಸ್ಕೃತ ಸುಭಾಷಿತವೊಂದು ಮರದ ತುದಿ, ಮೂರು ಕಣ್ಣು, ನಾರಿನ ಉಡುಗೆ, ಒಡಲ ನೀರು ಎಂಬ ಲಕ್ಷಣಗಳನ್ನು ಹೇಳಿ, ಅವುಗಳಿಂದ ಮನಸ್ಸಿಗೆ ಬರುವ ಗರುಡ, ಶಿವ, ಯೋಗಿ, ಘಟ, ಮೇಘಗಳನ್ನು ಕ್ರಮವಾಗಿ ನಿಷೇಧಿಸುತ್ತದೆ. ಅದನ್ನು ಬಿಡಿಸುವವನಿಗೆ ಪುರಾಣದ ಪರಿಚಯವಿರಬೇಕು. ಮನೆಯ ಒಗಟಿಗಾದರೋ ಹಿತ್ತಿಲಿನ ಮರವೇ ಪುರಾಣ. ಒಂದು ಗ್ರಂಥದಿಂದ ವಸ್ತುವಿಗೆ ಇಳಿಯುತ್ತದೆ, ಇನ್ನೊಂದು ವಸ್ತುವಿನಿಂದ ಮಾತಿಗೆ ಏರುತ್ತದೆ.

ಇಂತಹ ಮಾತಿಗೆ ಕೊಡಗು ಹೇಳಿಮಾಡಿಸಿದ ನೆಲ. ಭಾಗಮಂಡಲದ ಸೀಮೆಯಲ್ಲಿ ಮುಂಗಾರು ಹಿಡಿದರೆ ವಾರಗಟ್ಟಲೆ ಬಿಡುವಿಲ್ಲ. ಕಕ್ಕಡ ಮಾಸದಲ್ಲಿ ಹಗಲೆಲ್ಲ ನಾಟಿಯ ಗದ್ದೆ. ಕತ್ತಲಾದ ಮೇಲೆ ಮನೆಯೊಳಗಣ ಒಲೆಯ ಬೆಂಕಿಯೇ ಗತಿ. ಹೊರಗೆ ಆಡಲಾಗದ ಮಕ್ಕಳಿಗೆ ಆಗ ಮಾತೇ ಆಟವಾಗಬೇಕು. ಅಲ್ಲದೆ ಇದು ಹಲವು ನುಡಿಗಳ ನಾಡು. ದ್ರಾವಿಡ ವರ್ಗದ ಸ್ವತಂತ್ರ ಭಾಷೆಯಾದ ಕೊಡವ, ಗೌಡ ಸಮುದಾಯದ ಅರೆಭಾಷೆ, ಎರವರ ಮತ್ತು ಕುರುಬರ ನುಡಿಗಳು, ತುಳು, ಮಲೆಯಾಳ, ಇವೆಲ್ಲವುಗಳ ನಡುವೆ ಹಾಲೇರಿ ಅರಸರ ಕಾಲದಿಂದ ಆಡಳಿತದ ಭಾಷೆಯಾಗಿ ಬೇರೂರಿದ ಕನ್ನಡ. ಶ್ಲೇಷೆಯನ್ನು ನಂಬಿದ ಒಗಟು ಭಾಷೆಯ ಗಡಿಯಲ್ಲಿಯೇ ಸಾಯುತ್ತದೆ. ರೂಪಕವನ್ನು ನಂಬಿದ ಒಗಟಾದರೋ ಹೊಳೆಯನ್ನು ದಾಟಿದಂತೆ ಗಡಿಯನ್ನು ದಾಟುತ್ತದೆ. ಮುಳ್ಳುಮೈಯ ಹಲಸು ಎಲ್ಲ ನುಡಿಗಳಲ್ಲಿಯೂ ಮುಳ್ಳುಮೈಯದೇ.

ಹೀಗಿದ್ದರೂ ಒಗಟಿಗೆ ಹಾಡಿನ ಭಾಗ್ಯವು ಒದಗಲಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಕನ್ನಡ ಲಿಪಿಯಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಾಡುಗಳೇ ತುಂಬಿವೆ. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಮದುವೆ, ಮರಣ, ಪುತ್ತರಿಗಳಲ್ಲಿ ನಾಲ್ವರು ದುಡಿ ಬಡಿಯುತ್ತ ಹಾಡುವ ಹಾಡಿಗೆ ದಿನವುಂಟು, ಅಂಗಳವುಂಟು, ತಪ್ಪಿದರೆ ತಿದ್ದುವ ಹಿರಿಯರುಂಟು. ಒಗಟಿಗೆ ಯಾವ ಹಬ್ಬವೂ ಇಲ್ಲ. ಬಿಡುವಿನ ಸಂಜೆಯೇ ಅದರ ಹಬ್ಬ, ಕೇಳುವ ಮಗುವೇ ಅದರ ಭಂಡಾರ. ಮಗುವಿನ ಸಂಜೆಯನ್ನು ಬೆಳಕಿನ ಪರದೆಗಳು ಆಕ್ರಮಿಸಿಕೊಂಡಿರುವ ಈ ಕಾಲದಲ್ಲಿ ಆ ಭಂಡಾರದ ಬಾಗಿಲು ಮುಚ್ಚುತ್ತಿದೆ.

ನಷ್ಟವು ಇಷ್ಟಕ್ಕೇ ನಿಲ್ಲುವುದಿಲ್ಲ. ಒಗಟು ಉಳಿದು ಅದರ ಉತ್ತರವು ಅಳಿಯುವುದೂ ಉಂಟು. ಮಳೆಯಲ್ಲಿ ನಾಟಿ ನೆಡುವವರ ಬೆನ್ನನ್ನು ಮುಚ್ಚುತ್ತಿದ್ದ ಎಲೆಯ ಗೊರಬನ್ನು ಕಾಣದ ಮಗುವಿಗೆ ಗೊರಬಿನ ಒಗಟು ಎಂದಿಗೂ ಬಿಡದು. ಒರಳು, ಒನಕೆ, ಬೀಸುವ ಕಲ್ಲು, ಎಣ್ಣೆಯ ಸೊಡರು ಇವುಗಳ ಒಗಟುಗಳಿಗೂ ಇದೇ ಗತಿ. ಆದುದರಿಂದ ಒಗಟನ್ನು ಸಂಗ್ರಹಿಸುವವರು ಪ್ರಶ್ನೋತ್ತರಗಳ ಪಟ್ಟಿಯಿಂದ ತೃಪ್ತರಾಗಬಾರದು. ಉತ್ತರವಾದ ವಸ್ತುವಿನ ಆಕಾರ ಮತ್ತು ಬಳಕೆ, ಹೇಳಿದವರ ನುಡಿ, ಹೇಳುವ ಹೊತ್ತು, ಸೋತವರು ತೆರಬೇಕಾದ ದಂಡ, ಇವೆಲ್ಲವನ್ನೂ ಜೊತೆಗೆ ಬರೆದಿಡಬೇಕು. ಆಗ ಒಗಟು ಚರಿತ್ರೆಗೂ ಒದಗೀತು. ಮಡಿಕೇರಿಯಲ್ಲಿ ಐರೋಪ್ಯರ ಕಾಫಿತೋಟವು ಮೊದಲಾದುದು 1854ರಲ್ಲಿ. ತೋಟದ ದುಡಿಮೆಯನ್ನು ಬಲ್ಲ ಒಗಟು ದೊರೆತರೆ ಅದರ ಕಾಲದ ಮೇಲ್ಮಿತಿಯನ್ನು ಊಹಿಸಬಹುದು. ಹಳೆಯ ಗದ್ದೆಯ ಒಗಟಿಗೂ ಹೊಸ ತೋಟದ ಒಗಟಿಗೂ ಇರುವ ತಾರತಮ್ಯದಲ್ಲಿ ನಾಡಿನ ಬದುಕು ಬದಲಾದ ಬಗೆಯು ತಿಳಿಯಬರುವುದು. 1994ರಲ್ಲಿ ಸ್ಥಾಪಿತವಾದ ಕೊಡವ ಸಾಹಿತ್ಯ ಅಕಾಡೆಮಿಯೂ 2011ರಲ್ಲಿ ಹುಟ್ಟಿದ ಅರೆಭಾಷೆಯ ಅಕಾಡೆಮಿಯೂ ಇರುವಲ್ಲಿ ಈ ಕಾರ್ಯವು ಅಸಾಧ್ಯವೇನೂ ಅಲ್ಲ. ನಾಲ್ಕಾರು ನುಡಿಗಳ ಒಗಟುಗಳನ್ನು ಒಟ್ಟಿಗಿಟ್ಟು ತೂಗುವ ಕೆಲಸವನ್ನು ಶಾಲೆಯ ಉಪಾಧ್ಯಾಯರು ಮಕ್ಕಳ ಮೂಲಕವೇ ಆರಂಭಿಸಬಹುದು. ಅಜ್ಜಿಯನ್ನು ಕೇಳಿ ಬಾ ಎಂದರೆ ಸಾಕು.

ಕೊನೆಗೆ ವಿಶ್ವನಾಥನ ಆಕ್ಷೇಪಕ್ಕೆ ಬರಬೇಕು. ರಸಿಕನು ಕಾವ್ಯದ ಮಧ್ಯದಲ್ಲಿ ಎಡವಿದರೆ ರಸಭಂಗವೆಂಬುದು ಸತ್ಯ. ಆದರೆ ಮಗುವು ಇನ್ನೂ ಕಾವ್ಯದ ಹೊಸ್ತಿಲಿನಲ್ಲಿದೆ. ಮೊಟ್ಟೆಯು ಮನೆಯಾಗಬಲ್ಲದು, ವರ್ಷವು ಮರವಾಗಬಲ್ಲದು ಎಂಬ ಅರಿವು ಅದಕ್ಕೆ ಮೊದಲು ಒದಗುವುದು ಒಗಟಿನಿಂದಲೇ. ಮುಖ್ಯಾರ್ಥವು ಬಾಧಿತವಾದಾಗ ಮತ್ತೊಂದು ಅರ್ಥವನ್ನು ಹುಡುಕಬೇಕೆಂಬ ಲಕ್ಷಣಾವೃತ್ತಿಯ ಮೊದಲ ಪಾಠವೂ ಅದೇ. ಪ್ರಹೇಳಿಕೆಯನ್ನು ಅಲಂಕಾರಗಳ ಪಂಕ್ತಿಯಿಂದ ಹೊರಗಿಟ್ಟ ಆಲಂಕಾರಿಕನೂ, ರೂಪಕವನ್ನು ಸವಿಯುವ ಶಿಷ್ಯನನ್ನು ಪಡೆದುದು ಯಾವುದೋ ಮನೆಯ ಒಲೆಯ ಬದಿಯಿಂದಲೇ ಆಗಿರಬೇಕು.