ನಿತ್ಯಹಸಿರು ಅಲಂಕಾರ ಮರಗಳು ಮತ್ತು ಬೇಲಿಗಿಡಗಳು: ಜಮಖಂಡಿ–ಮುಧೋಳ ಸೀಮೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಮನೆಯಂಗಳದ ಗಿಡಗಳ ಆಯ್ಕೆ ಬದಲಾಗುತ್ತ ಬಂದದ್ದು ಜನರ ಅಭಿರುಚಿಯಿಂದ ಎನ್ನುವುದಕ್ಕಿಂತ ನೀರಿನ ಲಭ್ಯತೆಯಿಂದ. ವರ್ಷಕ್ಕೆ ಸರಾಸರಿ 600 ಮಿ.ಮೀ.ಗೂ ಕಡಿಮೆ ಮಳೆ, ಮಳೆಗೆ ಉಬ್ಬಿ ಬಿಸಿಲಿಗೆ ಬಿರುಕುಬಿಡುವ ಎರೆಭೂಮಿ. ಇಂಥಲ್ಲಿ ಬೇಸಿಗೆಯಲ್ಲೂ ಎಲೆ ಹೊತ್ತು ನಿಲ್ಲುವ ಗಿಡ ಬೇಕೆಂದರೆ ಅದರ ನೀರಿಗೆ ಮೊದಲೇ ದಾರಿ ಮಾಡಬೇಕು. ಚಾಲುಕ್ಯರ ಕಾಲದ ಚಾವುಂಡರಾಯನ ‘ಲೋಕೋಪಕಾರ’ (ಸು. 1025) ವೃಕ್ಷಾಯುರ್ವೇದದ ಜೊತೆಗೇ ಅಂತರ್ಜಲ ಗುರುತಿಸುವ ಬಗೆಯನ್ನೂ ಹೇಳಿರುವುದು ಆಕಸ್ಮಿಕವೆನಿಸುವುದಿಲ್ಲ. ಹಳೆಯ ಮಾಳಿಗೆ ಮನೆಗಳ ಮುಂದೆ ತೋಟವಿರುತ್ತಿರಲಿಲ್ಲ. ರಬಕವಿ, ಬನಹಟ್ಟಿಯ ನೇಕಾರರ ಓಣಿಗಳಲ್ಲಂತೂ ಅದಕ್ಕೆ ಜಾಗವೇ ಇರಲಿಲ್ಲ. ಹಸಿರೇನಿದ್ದರೂ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ: ಕರಿಬೇವು, ದಾಸವಾಳ, ಮಲ್ಲಿಗೆ. ಹೊಲದ ಬದುವಿಗೆ ಕಳ್ಳಿ, ಕತ್ತಾಳೆ, ಜಾಲಿಮುಳ್ಳು. ದನ ನುಗ್ಗಬಾರದು, ಗಿಡ ನೀರು ಕೇಳಬಾರದು. ಬೇಲಿಯ ಅಂದ ಆಮೇಲಿನ ಮಾತು.

1897ರಲ್ಲಿ ಧೂಪದಾಳದಲ್ಲಿ ಘಟಪ್ರಭೆಗೆ ಕಟ್ಟಿದ ಒಡ್ಡು, ಆಮೇಲೆ ಹಿಡಕಲ್ ಜಲಾಶಯ, ಕೃಷ್ಣೆಯ ಹಿಪ್ಪರಗಿ ಬ್ಯಾರೇಜು ಈ ಲೆಕ್ಕವನ್ನು ಬದಲಿಸಿದವು. ಕಬ್ಬಿನ ಹಣದಿಂದ ಕಂಪೌಂಡು ಇರುವ ಮನೆಗಳು ಎದ್ದವು. ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಬೀಳಗಿ ತಾಲ್ಲೂಕಿನವರಿಗೆ ಪುನರ್ವಸತಿ ಕೇಂದ್ರಗಳಲ್ಲಿ ಅಳತೆಯ ನಿವೇಶನಗಳು ಸಿಕ್ಕವು. ಆ ಅಂಗಳಗಳಿಗೆ ಮಾದರಿ ಬಂದದ್ದು ಬೆಂಗಳೂರಿನಿಂದ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಮತ್ತು ಅವರ ನಂತರದವರು ರೂಢಿಸಿದ ಉದ್ಯಾನ ಶೈಲಿ ನರ್ಸರಿಗಳ ಮೂಲಕ ರಾಜ್ಯವೆಲ್ಲ ಹರಡಿತು. ಆದರೆ ಬೆಂಗಳೂರು 900 ಮೀಟರ್ ಎತ್ತರದ ತಂಪು ಊರು, ಅಲ್ಲಿಯದು ಕೆಂಪು ಮಣ್ಣು. ಅಲ್ಲಿ ಕೆಂಪಗೆ ಹೂ ತುಂಬುವ ಇಕ್ಸೋರಾ ಇಲ್ಲಿಯ ಸುಣ್ಣಕಲ್ಲಿನ ಎರೆಮಣ್ಣಿನಲ್ಲಿ ಕಬ್ಬಿಣಾಂಶ ಹೀರಲಾರದೆ ಹಳದಿಗಟ್ಟುತ್ತದೆ. ಥೂಜಾ ನೀರು ನಿಂತಲ್ಲಿ ಬೇರು ಕೊಳೆತು ಸಾಯುತ್ತದೆ. ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಮತ್ತೆ ಚಿಗುರುವುದೂ ಇಲ್ಲ.

ಕಾಲುವೆ, ಕೊಳವೆಬಾವಿ ಇರುವಾಗ ಮಳೆಯ ಲೆಕ್ಕವೇಕೆ ಎಂದು ಕೇಳಬಹುದು. ಆದರೆ ಎರೆಭೂಮಿಗೆ ಅತಿಯಾಗಿ ನೀರು ಹಾಯಿಸಿದ್ದರಿಂದಲೇ ಈ ನದಿದಂಡೆಗಳ ಹೊಲಗಳು ಸವಳಾಗಿವೆ, ಜವಳು ಹಿಡಿದಿವೆ. ಹೊಲಕ್ಕೆ ಆದದ್ದು ಅಂಗಳಕ್ಕೂ ಆಗುತ್ತದೆ. ನೀರು ಬೇಡದ, ಬೇಗ ಬೆಳೆಯುವ ಪರದೇಶಿ ಗಿಡಗಳಿವೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ಅದಕ್ಕೆ ಉತ್ತರ ಕೊನೊಕಾರ್ಪಸ್ ಕಥೆಯಲ್ಲಿದೆ. ಆಫ್ರಿಕಾದ ಕೊಂಬು ಮತ್ತು ಯೆಮೆನ್ ತೀರದ ಈ ಗಿಡ ಕೆಲವೇ ವರ್ಷಗಳಲ್ಲಿ ಹಸಿರು ಗೋಡೆಯಾಗಿ ನಿಲ್ಲುತ್ತದೆ, ನಿಜ. ಅದರ ಪರಾಗದಿಂದ ಉಸಿರಾಟದ ತೊಂದರೆಯಾಗುತ್ತದೆ, ಬೇರುಗಳು ಪೈಪುಗಳನ್ನು ಕೆಡಿಸುತ್ತವೆ ಎಂಬ ಕಾರಣಕ್ಕೆ ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಬೇವು, ಹೊಂಗೆ ಎಲೆ ಉದುರಿಸುತ್ತವೆ ಎಂಬ ದೂರಿನಲ್ಲಿ ಹುರುಳಿಲ್ಲ: ಅವು ಬೋಳಾಗಿ ನಿಲ್ಲುವುದು ಅಲ್ಪಕಾಲ, ಕಡುಬೇಸಿಗೆ ಬರುವ ಹೊತ್ತಿಗೆ ಹೊಸ ಎಲೆ ತುಂಬಿರುತ್ತದೆ. ನಿತ್ಯಹಸಿರೇ ಬೇಕೆನ್ನುವವರಿಗೆ ಬಕುಳವಿದೆ, ಬೆಳವಣಿಗೆ ಮಾತ್ರ ನಿಧಾನ. ಇಕ್ಕಟ್ಟಾದ ಜಾಗಕ್ಕೆ ಕಂಬದಂತೆ ನೆಟ್ಟಗೇರುವ ಅಶೋಕ ಸಾಕು. ಅದು ನೆರಳು ಕೊಡುವುದು ಕಡಿಮೆ.

ಬೇಲಿಗೆ ಮದರಂಗಿಯನ್ನು ಮೀರಿಸುವ ಗಿಡ ಈ ಸೀಮೆಯಲ್ಲಿಲ್ಲ: ಬಿಸಿಲು ತಡೆಯುತ್ತದೆ, ಎಷ್ಟು ಕತ್ತರಿಸಿದರೂ ಚಿಗುರುತ್ತದೆ. ಕಣಗಿಲೆಯೂ ಅಷ್ಟೇ ಗಟ್ಟಿ; ಆದರೆ ಅದರ ಎಲೆ, ಕಾಂಡ, ಹೂ ಎಲ್ಲವೂ ವಿಷ. ಚಿಕ್ಕ ಮಕ್ಕಳು, ಆಡುಕುರಿ ಇರುವ ಮನೆಯವರು ಅದನ್ನು ನೆಡಬಾರದು.