ಠಾಣೆ ಏಕೆ ದೂರು ಬರೆದುಕೊಳ್ಳುವುದಿಲ್ಲ?

ಮನೆ ಮುಂದೆ ನಿಲ್ಲಿಸಿದ್ದ ಸ್ಕೂಟರಿನ ಬ್ಯಾಟರಿ ಬೆಳಗಾಗುವುದರೊಳಗೆ ಮಾಯವಾಗಿರುತ್ತದೆ. ಇಲ್ಲವೇ ಯಾರೋ ಕಾರಿನ ಗಾಜು ಒಡೆದು ಹೋಗಿರುತ್ತಾರೆ. ಠಾಣೆಗೆ ಹೋದರೆ ಮೊದಲು ಎದುರಾಗುವುದು ಪ್ರಶ್ನೆಗಳು: ‘ಎಷ್ಟರದು ಸ್ವಾಮಿ? ಯಾರ ಮೇಲೆ ಅನುಮಾನ? ರಸ್ತೆಯಲ್ಲಿ ಯಾಕೆ ನಿಲ್ಲಿಸಿದಿರಿ?’ ಬಿಳಿ ಹಾಳೆಯ ಮೇಲೆ ಅರ್ಜಿ ಬರೆಸಿಕೊಂಡು, ‘ಸಿಕ್ಕರೆ ಹೇಳಿ ಕಳಿಸುತ್ತೇವೆ’ ಎಂದು ಸಾಗಹಾಕುವುದು ವಾಡಿಕೆ. ಎಷ್ಟೋ ಸಲ ಕಳೆದುಹೋದ ವಸ್ತುವಿಗಿಂತ ಈ ಉತ್ತರವೇ ಹೆಚ್ಚು ನೋಯಿಸುತ್ತದೆ.

ಇದನ್ನು ಪೊಲೀಸರ ಸೋಮಾರಿತನ ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಈ ಹಿಂಜರಿಕೆಗೆ ದೀರ್ಘ ಇತಿಹಾಸವಿದೆ. ಕಳವಿಗೆ ಯಾರು ಹೊಣೆ, ಕಳವಿನ ಲೆಕ್ಕ ಯಾರು ಬರೆಯಬೇಕು ಎಂಬ ಎರಡು ಪ್ರಶ್ನೆಗಳೇ ಆ ಇತಿಹಾಸದ ತಿರುಳು.

ರಾಜನೇ ಕೊಡಬೇಕಿತ್ತು

ನಮ್ಮ ಹಳೆಯ ಧರ್ಮಶಾಸ್ತ್ರಗಳ ಉತ್ತರ ನೇರವಾಗಿತ್ತು. ಕಳ್ಳರು ಒಯ್ದ ಮಾಲನ್ನು ಹುಡುಕಿಕೊಡಲಾಗದಿದ್ದರೆ ರಾಜ ತನ್ನ ಬೊಕ್ಕಸದಿಂದಲೇ ನಷ್ಟ ತುಂಬಿಕೊಡಬೇಕು ಎನ್ನುತ್ತದೆ ಕೌಟಿಲ್ಯನ ಅರ್ಥಶಾಸ್ತ್ರ. ಕದ್ದ ಮಾಲನ್ನು ಪ್ರಜೆಗೆ ಕೊಡಿಸುವುದು ರಾಜನ ಕರ್ತವ್ಯ ಎಂದು ಯಾಜ್ಞವಲ್ಕ್ಯ ಸ್ಮೃತಿಯೂ ಹೇಳುತ್ತದೆ. ಕಳ್ಳನ ಜಾಡು ಊರಿನ ಗಡಿ ದಾಟಿದ್ದು ಕಾಣದಿದ್ದರೆ ದೋಷ ಊರಿನ ಮುಖ್ಯಸ್ಥನದು ಎಂಬ ನಿಯಮವೂ ಅದರಲ್ಲಿದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದುದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ.

ಊರಿನ ಮಟ್ಟದಲ್ಲಿ ಈ ಹೊಣೆ ಹೊತ್ತವನು ತಳವಾರ. ಹನ್ನೆರಡು ಆಯಗಾರರಲ್ಲಿ ಒಬ್ಬನಾದ ಅವನಿಗೆ ಸುಗ್ಗಿಯಲ್ಲಿ ಕಣದಿಂದ ಪಾಲು ಸಲ್ಲುತ್ತಿತ್ತು. ಬದಲಿಗೆ ಅವನು ರಾತ್ರಿ ಗಸ್ತು ತಿರುಗಬೇಕು, ಹೊಸಬರ ಮೇಲೆ ಕಣ್ಣಿಡಬೇಕು, ಕಳ್ಳನ ಜಾಡು ಹಿಡಿಯಬೇಕು. ದಕ್ಷಿಣದ ಹಲವೆಡೆ ಕಾವಲಿನವರು ಕಳ್ಳನನ್ನಾಗಲಿ ಮಾಲನ್ನಾಗಲಿ ತಂದೊಪ್ಪಿಸದಿದ್ದರೆ ತಾವೇ ದಂಡ ತೆರಬೇಕಾದ ಕಟ್ಟಳೆಯಿತ್ತು.

ಹಾಗೆಂದು ಅದನ್ನು ರಾಮರಾಜ್ಯ ಎಂದು ಭಾವಿಸಬೇಕಿಲ್ಲ. ಕಾವಲಿನ ಹೆಸರಿನಲ್ಲಿ ಸುಲಿಗೆಯೂ ನಡೆಯುತ್ತಿತ್ತು. 16ನೇ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಒಂದು ಸ್ವಾರಸ್ಯಕರ ಸಂಗತಿ ದಾಖಲಿಸಿದ್ದಾನೆ. ರಾಜಧಾನಿಯಲ್ಲಿ ನಡೆದ ಕಳವುಗಳಿಗೆ ಕಾವಲಿನ ಮುಖ್ಯಾಧಿಕಾರಿ ಲೆಕ್ಕ ಕೊಡಬೇಕಿತ್ತು, ಆದ್ದರಿಂದ ಕಳವು ಕಡಿಮೆ ಎನ್ನುತ್ತಾನೆ ಆತ. ಅಕಸ್ಮಾತ್ ಕಳವಾದರೆ? ಸಣ್ಣದೊಂದು ಕಾಣಿಕೆ ಕೊಟ್ಟು ಕಳ್ಳನ ಚಹರೆ ಹೇಳಿದರೆ, ಅವನು ನಗರದಲ್ಲಿದ್ದಾನೋ ಇಲ್ಲವೋ ಎಂದು ಮಂತ್ರವಾದಿಗಳು ಪತ್ತೆ ಮಾಡುತ್ತಿದ್ದರಂತೆ! ಠಾಣೆಯ ‘ಕಾಣಿಕೆ’ಗೆ ಎಷ್ಟು ಹಳೆಯ ಪರಂಪರೆ ಇದೆ ನೋಡಿ.

ದರೋಗನಿಂದ ಇನ್‌ಸ್ಪೆಕ್ಟರ್‌ವರೆಗೆ

ಈಸ್ಟ್ ಇಂಡಿಯಾ ಕಂಪನಿ ಬಂದ ಮೇಲೆ ಚಿತ್ರ ಬದಲಾಯಿತು. 1790ರ ದಶಕದಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಜಮೀನ್ದಾರರ ಕೈಯಿಂದ ಪೊಲೀಸ್ ಅಧಿಕಾರ ಕಿತ್ತುಕೊಂಡು, ಸರ್ಕಾರದ ಸಂಬಳ ಪಡೆಯುವ ದರೋಗರನ್ನು ಠಾಣೆಗಳಲ್ಲಿ ಕೂರಿಸಿದ. ಮರಳಿ ಸಿಕ್ಕ ಕಳವಿನ ಮಾಲಿನ ಬೆಲೆಯಲ್ಲಿ ಶೇ 10ರಷ್ಟು ದರೋಗನಿಗೆ ಇನಾಮು. ಮಾಲು ಸಿಗದಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

ಆಗ ಬಳ್ಳಾರಿ ಮತ್ತು ಕನ್ನಡ ಜಿಲ್ಲೆಗಳೂ ಸೇರಿದ್ದ ಮದ್ರಾಸ್ ಪ್ರಾಂತ್ಯದ ಕಥೆ ಇನ್ನೂ ಕಹಿ. ಕಂದಾಯ ವಸೂಲಿಗೂ ಕಳವಿನ ತಪ್ಪೊಪ್ಪಿಗೆಗೂ ಚಿತ್ರಹಿಂಸೆ ಕೊಡುತ್ತಿದ್ದುದನ್ನು 1855ರಲ್ಲಿ ತನಿಖಾ ಆಯೋಗವೊಂದು ಬಯಲಿಗೆಳೆಯಿತು. 1857ರ ದಂಗೆಯ ನಂತರ ಪೊಲೀಸ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವ ಕೆಲಸ ನಡೆದು, 1861ರ ಪೊಲೀಸ್ ಕಾಯ್ದೆ ಬಂತು. ಅದಕ್ಕೆ ಮಾದರಿಯಾದದ್ದು ಲಂಡನ್ ನಗರದ ಪೊಲೀಸರಲ್ಲ, ಬ್ರಿಟಿಷರು ಐರ್ಲೆಂಡನ್ನು ಹದ್ದುಬಸ್ತಿನಲ್ಲಿಡಲು ಕಟ್ಟಿದ್ದ ಪಡೆ. ಆಳುವವರ ರಕ್ಷಣೆ ಅದರ ಮೊದಲ ಕೆಲಸ. ಬಡವನ ಎಮ್ಮೆ ಕಳುವಾದದ್ದು ಕೊನೆಯ ಸಾಲಿನ ಚಿಂತೆ. ನಷ್ಟ ತುಂಬಿಕೊಡುವ ಹಳೆಯ ಕಟ್ಟಳೆಗೆ ಹೊಸ ವ್ಯವಸ್ಥೆಯಲ್ಲಿ ಜಾಗವೇ ಇರಲಿಲ್ಲ.

ಐವತ್ತು ರೂಪಾಯಿಯ ಗೆರೆ

ಇದೇ ಕಾಲದಲ್ಲಿ ಬಂದ ದಂಡ ಸಂಹಿತೆ ಮತ್ತು ದಂಡ ಪ್ರಕ್ರಿಯಾ ಸಂಹಿತೆಗಳು ಅಪರಾಧಗಳನ್ನು ಎರಡು ಗುಂಪು ಮಾಡಿದವು. ಪೊಲೀಸರು ತಾವಾಗಿಯೇ ತನಿಖೆ ನಡೆಸಬಹುದಾದವು ಸಂಜ್ಞೇಯ ಅಪರಾಧಗಳು. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ನಡೆಸಲಾಗದವು ಅಸಂಜ್ಞೇಯ ಅಪರಾಧಗಳು.

ಬೇಕೆಂದೇ ಇನ್ನೊಬ್ಬರ ವಾಹನದ ಗಾಜು ಒಡೆಯುವುದು, ಟೈರು ಕೊಯ್ಯುವುದು ಎರಡನೆಯ ಗುಂಪಿಗೆ ಬಿದ್ದವು. 1860ರ ದಂಡ ಸಂಹಿತೆಯ 427ನೇ ಕಲಂ ಪ್ರಕಾರ 50 ರೂಪಾಯಿ ಅಥವಾ ಹೆಚ್ಚಿನ ಹಾನಿ ಮಾಡಿದರೆ ಎರಡು ವರ್ಷದವರೆಗೆ ಶಿಕ್ಷೆ ವಿಧಿಸಬಹುದಿತ್ತು. ಆದರೂ ಅದು ಅಸಂಜ್ಞೇಯವೇ. ಅಂದು 50 ರೂಪಾಯಿ ಎಂದರೆ ಕೂಲಿಕಾರನ ಹಲವು ತಿಂಗಳ ದುಡಿಮೆ. ಈ ಅಂಕಿ 2024ರ ಜೂನ್ ತನಕ ಹಾಗೆಯೇ ಉಳಿದಿತ್ತು. ಕಾರಿನ ಗಾಜು ಒಡೆದವನನ್ನು ಹುಡುಕಲು ಪೊಲೀಸರು ಹೊರಡದಿದ್ದುದಕ್ಕೆ ಈ ಕಾನೂನೂ ಒಂದು ಕಾರಣ.

ಕಳವಿನ ವಿಷಯ ಹಾಗಲ್ಲ. ಹಳೆಯ ಸಂಹಿತೆಯಲ್ಲಿ ಕಳವು ಎಷ್ಟೇ ಚಿಕ್ಕದಾಗಿದ್ದರೂ ಸಂಜ್ಞೇಯವೇ. ಬಾಯಿಮಾತಿನಲ್ಲಿ ಹೇಳಿದರೂ ಠಾಣಾಧಿಕಾರಿ ಅದನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯಬೇಕಿತ್ತು. 1973ರ ಸಂಹಿತೆ ಅದರ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕೆಂದೂ ವಿಧಿಸಿತು. ಹಾಗಿದ್ದರೂ ಪ್ರಥಮ ವರ್ತಮಾನ ವರದಿ ಬರೆಯಲು ಪೆನ್ನು ಮೇಲೇಳುತ್ತಿರಲಿಲ್ಲವೇಕೆ?

ಬರ್ಕ್ ಎಂಬ ಕೊಲೆಗಾರ

ಪೊಲೀಸ್ ಪರಿಭಾಷೆಯಲ್ಲಿ ಇದಕ್ಕೆ ‘ಬರ್ಕಿಂಗ್’ ಎಂಬ ಹೆಸರಿದೆ. 1828ರಲ್ಲಿ ಎಡಿನ್‌ಬರೋದಲ್ಲಿ ವಿಲಿಯಂ ಬರ್ಕ್ ಎಂಬವನು ಸಂಗಡಿಗನೊಂದಿಗೆ ಸೇರಿ ಜನರನ್ನು ಉಸಿರುಕಟ್ಟಿಸಿ ಕೊಂದು, ಶವಗಳನ್ನು ವೈದ್ಯಕೀಯ ಪಾಠಕ್ಕೆ ಮಾರುತ್ತಿದ್ದ. ಮೈಮೇಲೆ ಗಾಯದ ಗುರುತು ಉಳಿಯುತ್ತಿರಲಿಲ್ಲ. 1829ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಹೆಸರು ಮಾತ್ರ ಉಳಿಯಿತು. ಗುರುತು ಉಳಿಯದಂತೆ ದೂರಿನ ಉಸಿರು ಕಟ್ಟಿಸುವುದೇ ಬರ್ಕಿಂಗ್.

ಇದರ ಬೇರು ಇರುವುದು ಅಂಕಿಸಂಖ್ಯೆಯಲ್ಲಿ. ಠಾಣೆಯ ವ್ಯಾಪ್ತಿಯಲ್ಲಿ ಎಷ್ಟು ಕಳವು ದಾಖಲಾಯಿತು, ಎಷ್ಟು ಪತ್ತೆಯಾಯಿತು ಎಂಬುದರ ಮೇಲೆ ಠಾಣಾಧಿಕಾರಿಯ ಯೋಗ್ಯತೆ ಅಳೆಯುವ ಪದ್ಧತಿ ಬ್ರಿಟಿಷರ ಕಾಲದಿಂದಲೂ ಬಂದದ್ದು. ಪತ್ತೆಯಾಗುವ ಭರವಸೆಯಿಲ್ಲದ ಸೈಕಲ್ ಕಳವನ್ನು ಬರೆದುಕೊಂಡರೆ ಅವನ ಖಾತೆಯಲ್ಲಿ ಒಂದು ಸಾಲ ಹೆಚ್ಚಿದಂತೆ. ಬರೆದುಕೊಳ್ಳದಿದ್ದರೆ ಕಳವೇ ಆಗಿಲ್ಲ! ಕಳವಿನ ಲೆಕ್ಕ ಬರೆಯುವವನೂ ಆ ಲೆಕ್ಕದಿಂದ ಪೆಟ್ಟು ತಿನ್ನುವವನೂ ಒಬ್ಬನೇ ಆದಾಗ ಇನ್ನೇನಾದೀತು?

ಇದು ನಮ್ಮಲ್ಲಷ್ಟೇ ಇದ್ದ ಕಾಯಿಲೆಯಲ್ಲ. ಲಂಡನ್ ಪೊಲೀಸರು ಸಣ್ಣಪುಟ್ಟ ಕಳವುಗಳನ್ನು ‘ಕಳವಾಗಿರುವ ಶಂಕೆ’ ಎಂಬ ಬೇರೆ ಪುಸ್ತಕದಲ್ಲಿ ಬರೆದು, ಅಪರಾಧದ ಲೆಕ್ಕದಿಂದ ಹೊರಗಿಡುತ್ತಿದ್ದರು. ಕಮಿಷನರ್ ಲಾರ್ಡ್ ಟ್ರೆಂಚರ್ಡ್ 1932ರಲ್ಲಿ ಆ ಪುಸ್ತಕವನ್ನೇ ರದ್ದು ಮಾಡಿದ. ಹಿಂದಿನ ವರ್ಷ ಸುಮಾರು 26 ಸಾವಿರವಿದ್ದ ಗಂಭೀರ ಅಪರಾಧಗಳ ಸಂಖ್ಯೆ ಒಮ್ಮೆಲೇ 83 ಸಾವಿರಕ್ಕೆ ಜಿಗಿಯಿತು. ಲಂಡನ್ನಿನ ಕಳ್ಳರೇನೂ ಒಂದೇ ವರ್ಷದಲ್ಲಿ ಮೂರು ಪಟ್ಟಾಗಿರಲಿಲ್ಲ.

ಅಂಕಿಸಂಖ್ಯೆಗೆ ಅತಿಯಾದ ಬೆಲೆ ಕೊಡುವುದನ್ನು 1902-03ರ ಫ್ರೇಸರ್ ಆಯೋಗವೇ ಟೀಕಿಸಿತ್ತು. ಪೊಲೀಸರು ಜನರ ವಿಶ್ವಾಸ ಗಳಿಸುವುದರಲ್ಲಿ ಸೋತಿದ್ದಾರೆ ಎಂದೂ ಅದು ಮುಚ್ಚುಮರೆಯಿಲ್ಲದೆ ಹೇಳಿತ್ತು. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗ ಮತ್ತೆ ಅದೇ ಮಾತು ಆಡಿತು. ಅದರ ಅಧ್ಯಕ್ಷ ಧರ್ಮವೀರ ಅವರು ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ವರದಿಗಳು ಎಂಟು ಬಂದವು. ಠಾಣೆಯ ಅಭ್ಯಾಸ ಅಷ್ಟಾಗಿ ಬದಲಾಗಲಿಲ್ಲ.

ಹೊಸ ಗೆರೆ

ಕೊನೆಗೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸ್ಪಷ್ಟ ತೀರ್ಪು ಕೊಟ್ಟಿತು: ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ. ಇದರಿಂದ ಸಣ್ಣ ಕಳವಿನ ದೂರುದಾರನಿಗೂ ಬಲ ಬಂತು.

ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳು ಇಲ್ಲೊಂದು ಹೊಸ ಗೆರೆ ಎಳೆದಿವೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಸಾಮಾನ್ಯ ಕಳವು ಈಗ ಅಸಂಜ್ಞೇಯ. ಮನೆಯೊಳಗಿನ ಕಳವು, ಸರಗಳ್ಳತನಗಳಿಗೆ ಬೇರೆ ಕಲಂಗಳಿದ್ದು, ಈ ಮಿತಿ ಅನ್ವಯಿಸುವುದಿಲ್ಲ. ಮೊದಲ ಸಲ ತಪ್ಪು ಮಾಡಿ, ಮಾಲು ಹಿಂದಿರುಗಿಸಿದ ಸಣ್ಣ ಕಳ್ಳನಿಗೆ ಜೈಲಿನ ಬದಲು ಸಮುದಾಯ ಸೇವೆ ಎಂಬ ಏರ್ಪಾಡಂತೂ ಮಾನವೀಯವಾದದ್ದೇ. ಆದರೆ 5,000 ರೂಪಾಯಿ ಯಾರಿಗೆ ಸಣ್ಣದು? ದಿನಗೂಲಿಯವನ ಹಳೆಯ ಸೈಕಲ್, ತಳ್ಳುಗಾಡಿಯವಳ ತಕ್ಕಡಿ, ಗಾರೆ ಕೆಲಸದವನ ಮೊಬೈಲ್ ಎಲ್ಲವೂ ಈ ಗೆರೆಯ ಕೆಳಗೇ ಬರುತ್ತವೆ. ಉಳ್ಳವನ ಮೋಟಾರ್ ಸೈಕಲ್ಲಿಗೆ ಎಫ್‌ಐಆರ್, ಇಲ್ಲದವನ ಸೈಕಲ್ಲಿಗೆ ಮ್ಯಾಜಿಸ್ಟ್ರೇಟರ ಬಾಗಿಲು. ಇಷ್ಟು ಕಾಲ ಠಾಣೆಯ ಅಭ್ಯಾಸವಾಗಿದ್ದದ್ದು ಈಗ ಕಾನೂನೇ ಆಗಿದೆ.

ಹಾಗೆಂದು ಬರಿಗೈಯಲ್ಲಿ ಮರಳಬೇಕಿಲ್ಲ. ಅಸಂಜ್ಞೇಯವಾದರೂ ದೂರಿನ ಸಾರಾಂಶವನ್ನು ಠಾಣೆಯ ಪುಸ್ತಕದಲ್ಲಿ ಬರೆಯಲೇಬೇಕು. ಅಂಥ ಪ್ರಕರಣಗಳ ವರದಿ ಹದಿನೈದು ದಿನಕ್ಕೊಮ್ಮೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು ಎಂದು ಹೊಸ ಸಂಹಿತೆಯೇ ಹೇಳುತ್ತದೆ. ಸಂಜ್ಞೇಯ ದೂರನ್ನು ನಿರಾಕರಿಸಿದರೆ ಪೊಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳಿಸಬಹುದು, ನಂತರ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ದೂರು ಕೊಟ್ಟವರು ದಾಖಲೆಯ ಸಂಖ್ಯೆಯನ್ನೋ ಹಿಂಬರಹವನ್ನೋ ಕೇಳಿ ಪಡೆಯುವುದು ಒಳ್ಳೆಯದು. ಮಾಲು ಸಿಗದೇ ಹೋಗಬಹುದು. ಕಳವು ನಡೆದದ್ದು ನಿಜ ಎಂಬುದಾದರೂ ಸರ್ಕಾರದ ಪುಸ್ತಕದಲ್ಲಿ ಉಳಿಯುತ್ತದೆ.