ಅಪರಾಧಿಯಿಲ್ಲದ ಪತ್ತೇದಾರಿ: ಕುರುಡುಮಲೆಯಿಂದ ‘ಚಿದಂಬರ ರಹಸ್ಯ’ದ ಓದು

ಭೂಮಿಯೇ ಅಳಿವಿನಂಚಿಗೆ ಬರುವ ವೈಜ್ಞಾನಿಕ ಥ್ರಿಲ್ಲರ್‌ಗಳಿಗೆ ಒಂದು ರೂಢಿಯ ಚೌಕಟ್ಟಿದೆ: ವಿಜ್ಞಾನಿ ಕೇಡನ್ನು ಮೊದಲೇ ಕಾಣುತ್ತಾನೆ, ಆಳುವವರು ಕಿವಿಗೊಡುವುದಿಲ್ಲ, ಗಡುವು ಹತ್ತಿರವಾಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಈ ಚೌಕಟ್ಟನ್ನೇ ಮುರಿಯುತ್ತದೆ. ಜಾತಿ, ಕೋಮು ರಾಜಕಾರಣದ ವಿಡಂಬನೆಯಾಗಿ ಓದಿಸಿಕೊಳ್ಳುವ ಈ ಮಲೆನಾಡಿನ ಕಾದಂಬರಿಯನ್ನು ಡಿಸ್ಟೋಪಿಯಾ ಆಗಿ ಅರಿಯಲು ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯೇ ತಕ್ಕ ನೆಲೆ ಎಂಬುದು ನನ್ನ ವಾದ.

ಕಾದಂಬರಿಯ ಊರಾದ ಕೆಸರೂರಿನಲ್ಲಿ ಏಲಕ್ಕಿ ಬೆಳೆ ಕುಸಿಯುತ್ತಿದೆ. ಅದನ್ನು ಬಲ್ಲ ವಿಜ್ಞಾನಿ ಜೋಗಿಹಾಳ್ ಸತ್ತಿದ್ದಾನೆ; ಎಚ್ಚರಿಸುವವನೇ ಇಲ್ಲ. ತನಿಖೆಗೆ ಬಂದ ಅಂಗಡಿ ಎಂಬಾತ ಕೊಲೆಗಾರನಿಗಾಗಿ, ಸಂಚಿಗಾಗಿ ತಡಕಾಡುತ್ತಾನೆ. ಊರನ್ನು ಕೊನೆಗೆ ಮುತ್ತುವ ಬೆಂಕಿಗೂ ಆ ತನಿಖೆಗೂ ಸಂಬಂಧವಿಲ್ಲ. ಕಾಡಿನ ತುಂಬ ಹಬ್ಬಿದ ಲಂಟಾನ, ಊರವರ ಜಗಳ, ಎಲ್ಲರ ಉದಾಸೀನ ಸೇರಿ ಅದನ್ನು ಸಾಕಿರುತ್ತವೆ. ಪತ್ತೇದಾರಿ ಕಥೆಗೆ ಒಬ್ಬ ಅಪರಾಧಿ ಬೇಕು. ಪರಿಸರದ ವಿನಾಶಕ್ಕೆ ಅಂಥವನಿಲ್ಲ. ತೇಜಸ್ವಿ ಈ ಎರಡನ್ನೂ ಒಂದೇ ಪುಸ್ತಕದಲ್ಲಿ ಕೂಡಿಸಿ, ಪತ್ತೇದಾರಿಯನ್ನು ಬೇಕೆಂದೇ ಸೋಲಿಸಿದ್ದಾರೆ.

ಇದಕ್ಕೆ ವ್ಯತಿರಿಕ್ತವಾಗಿ ಜೆ.ಜಿ. ಬಲ್ಲಾರ್ಡ್ ಅವರ ‘ದಿ ಡ್ರೌಟ್’ (1965) ಕಾದಂಬರಿಯಲ್ಲಿ ಕಾರ್ಖಾನೆಗಳ ತ್ಯಾಜ್ಯ ಕಡಲ ಮೇಲೆ ಪೊರೆಯಾಗಿ ಹರಡುತ್ತದೆ, ನೀರು ಆವಿಯಾಗದೆ ಮಳೆಯೇ ನಿಲ್ಲುತ್ತದೆ. ಕಾರಣ ಒಂದೇ, ಸ್ಪಷ್ಟ. ಕುರುಡುಮಲೆ ಇರುವ ಕೋಲಾರ ಜಿಲ್ಲೆಯಲ್ಲಿ ಮಳೆ ನಿಂತಿಲ್ಲ. ವರ್ಷಕ್ಕೆ ಸುಮಾರು 700 ಮಿ.ಮೀ. ಬೀಳುತ್ತದೆ, ಆದರೂ ಕೊಳವೆಬಾವಿ ಸಾವಿರ ಅಡಿ ದಾಟಿದೆ, ಸಿಕ್ಕ ನೀರಿನಲ್ಲಿ ಫ್ಲೋರೈಡ್ ಇದೆ. ಇದಕ್ಕೆ ಕಾರಣ ಹೂಳು ತುಂಬಿದ ಕೆರೆಗಳೋ, ನೀಲಗಿರಿ ತೋಪೋ, ಪಂಪ್‌ಸೆಟ್ಟೋ? ಹೊಸ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ನೊರೆ ಎದ್ದಿತು, ವಿವಾದ ನ್ಯಾಯಾಲಯಕ್ಕೆ ಹೋಯಿತು. ಪ್ರತಿ ಸಲವೂ ಒಬ್ಬ ಆರೋಪಿಯ ಮೇಲಷ್ಟೇ ವಿಚಾರಣೆ. ಅಂಗಡಿ ಮಾಡಿದ್ದೂ ಇದನ್ನೇ.

ಚೌಕಟ್ಟಿಗೆ ಒಗ್ಗುವ ಕಾದಂಬರಿಕಾರ ಈ ಜಿಲ್ಲೆಗೆ ಬಂದರೆ ಬಹುಶಃ ನೇರ ಕೋಲಾರದ ಚಿನ್ನದ ಗಣಿಗೆ, ಕೆಜಿಎಫ್‌ಗೆ, ಹೋದಾನು. ಮೂರು ಕಿಲೋಮೀಟರಿಗೂ ಆಳದ ಗಣಿ, ಅದರೊಳಗೆ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆಮಾಡಿದ ಪ್ರಯೋಗ, 2001ರಲ್ಲಿ ಬಿದ್ದ ಬೀಗ: ಥ್ರಿಲ್ಲರ್‌ಗೆ ಇನ್ನೇನು ಬೇಕು? ಆದರೆ ಅಂಥ ಕಥೆಗೆ ಪ್ರಯೋಗಾಲಯವೇ ಖಳನಾಗಬೇಕು. ಇಲ್ಲಿನ ನಿಜವಾದ ಆಪತ್ತು ಅಷ್ಟು ಆಳದಲ್ಲಿಲ್ಲ. ಹೊಲದ ಬದುವಿನಲ್ಲಿ, ಸಾಲ ಮಾಡಿ ಕೊರೆಸಿದ ಕೊಳವೆಬಾವಿಯಲ್ಲಿದೆ. ಅದಕ್ಕೆ ಗಡುವೂ ಇಲ್ಲ.

ಕನ್ನಡದ ವಿಜ್ಞಾನ ಸಾಹಿತ್ಯದ ಚರ್ಚೆ ತೇಜಸ್ವಿಯವರದೇ ‘ಕರ್ವಾಲೊ’ದ ಹಾರುವ ಓತಿಗೆ ಮರುಳಾದಷ್ಟು ಕೆಸರೂರಿನ ಬೆಂಕಿಯತ್ತ ತಿರುಗಿಲ್ಲ. ಡಿಸ್ಟೋಪಿಯಾವನ್ನು ಪಾಠವಾಗಿಡುವ ವಿಶ್ವವಿದ್ಯಾಲಯಗಳು ಇಂಗ್ಲಿಷ್ ಕೃತಿಗಳ ಜೊತೆಗೆ ‘ಚಿದಂಬರ ರಹಸ್ಯ’ವನ್ನೂ ಸೇರಿಸಲಿ.